ಕೀಳುವುದು ಉಚಿತ, ಉಳಿಸುವುದು ಒಂಬತ್ತೂವರೆ ಸಾವಿರ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ಪ್ರತಿ: ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರಿಗೆ. ಹಲ್ಲಿನ ವಿಷಯದಲ್ಲಿ ಇಬ್ಬರು ಸಚಿವರು ಏಕೆ ಎಂಬುದಕ್ಕೆ ಕಾರಣ ಮುಂದೆ ಬರುತ್ತದೆ.

ವಿಷಯ: ಕೆಳದವಡೆ, ಎಡಭಾಗ, ಮೊದಲನೆಯ ದೊಡ್ಡ ದವಡೆ ಹಲ್ಲಿನ ಬಗ್ಗೆ.

ಮಾನ್ಯರೇ,

ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು ಕಚೇರಿಯ ಎದುರು, ಹುಣಸೆಮರದ ಕೆಳಗೆ ಮೇಜು ಹಾಕಿಕೊಂಡು ಇಪ್ಪತ್ತೆರಡು ವರ್ಷಗಳಿಂದ ಅರ್ಜಿ ಬರೆಯುತ್ತಿದ್ದೇನೆ. ಪಹಣಿ ತಿದ್ದುಪಡಿ, ಪೌತಿ ಖಾತೆ, ವೃದ್ಧಾಪ್ಯ ವೇತನ, ರೇಷನ್ ಕಾರ್ಡಿಗೆ ಸೊಸೆಯ ಹೆಸರು ಸೇರ್ಪಡೆ, ಹೀಗೆ ಊರಿನವರ ತಾಪತ್ರಯಗಳೇ ನನ್ನ ಅನ್ನ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಕಣ್ಣು ಮುಚ್ಚಿಕೊಂಡು ಶುರು ಮಾಡುವ ಕೈ ಇದು. ಸ್ವಂತ ವಿಷಯಕ್ಕೆ ಕಾಗದ ಮಡಿಸಿಕೊಂಡು ಕುಳಿತದ್ದು ಇದೇ ಮೊದಲು.

ಸ್ವಂತದ್ದು ಎಂದೆ, ಪೂರ್ತಿ ಸ್ವಂತದ್ದಲ್ಲ. ಈ ಅರ್ಜಿಯಲ್ಲಿ ಎರಡು ಹಲ್ಲುಗಳಿವೆ. ಒಂದು ನನ್ನದು, ಐವತ್ತೆರಡು ವರ್ಷದ ಬಾಯಿಯದು. ಇನ್ನೊಂದು ನನ್ನ ಮೇಜಿನ ಪಕ್ಕದಲ್ಲೇ ಟೀ ಅಂಗಡಿ ಇಟ್ಟುಕೊಂಡಿರುವವನ ಮಗಳದು. ಅವಳಿಗೆ ಹದಿನಾಲ್ಕು, ಒಂಬತ್ತನೇ ತರಗತಿ. ಎರಡೂ ಒಂದೇ ಜಾಗದ ಹಲ್ಲು. ದಂತವೈದ್ಯರು ಅದನ್ನು 36 ಎಂದು ಬರೆಯುತ್ತಾರೆ. ಬಾಯಲ್ಲಿ ಇರುವುದೇ ಮೂವತ್ತೆರಡು, ಮೂವತ್ತಾರನೆಯದು ಎಲ್ಲಿಂದ ಬಂತು ಎಂದು ನಾನೂ ಕೇಳಿದೆ. ಅದು ಮೂವತ್ತಾರಲ್ಲ, ‘ಮೂರು, ಆರು’: ಬಾಯಿಯನ್ನು ನಾಲ್ಕು ಪಾಲು ಮಾಡಿದರೆ ಮೂರನೆಯ ಪಾಲಿನ ಆರನೆಯ ಹಲ್ಲು. ನಮ್ಮ ಸರ್ವೆ ನಂಬರು, ಹಿಸ್ಸಾ ನಂಬರು ಇದ್ದ ಹಾಗೆ. ನನ್ನ ಹಿಸ್ಸಾ ಈಗಲೂ ಜಾಗದಲ್ಲಿದೆ, ಮೇಲೊಂದು ಕ್ಯಾಪ್ ಹೊತ್ತುಕೊಂಡು. ಅವಳದು ಹೋಯಿತು. ನನ್ನದಕ್ಕೆ ಒಂಬತ್ತೂವರೆ ಸಾವಿರ ರೂಪಾಯಿ ಖರ್ಚು ಬಿತ್ತು. ಅವಳದಕ್ಕೆ ಹೊರರೋಗಿ ಚೀಟಿಯ ಖರ್ಚು ಮಾತ್ರ.

ನನ್ನ ಹಲ್ಲು ಕೆಟ್ಟದ್ದು ಒಂದೇ ದಿನದಲ್ಲಲ್ಲ. ಮೊದಲು ತಣ್ಣೀರು ತಾಗಿದರೆ ಜುಮ್ಮೆನ್ನುತ್ತಿತ್ತು. ಲವಂಗ ಕಚ್ಚಿಕೊಂಡು ಆರು ತಿಂಗಳು ತಳ್ಳಿದೆ. ಆಮೇಲೆ ಒಂದು ರಾತ್ರಿ ಲೆಕ್ಕ ತಿರುಗುಮುರುಗಾಯಿತು. ಬಿಸಿ ತಾಗಿದರೆ ಪ್ರಾಣ ಹೋಗುವಂತಾಗುತ್ತಿತ್ತು, ತಣ್ಣೀರು ತುಂಬಿಕೊಂಡರೆ ಸಮಾಧಾನ. ಚೊಂಬು ಪಕ್ಕದಲ್ಲಿಟ್ಟುಕೊಂಡು, ಒಂದು ಗುಟುಕು ಬಾಯಲ್ಲಿ ನಿಲ್ಲಿಸಿ, ಅದು ಬೆಚ್ಚಗಾದ ಕೂಡಲೇ ಉಗುಳಿ, ಇನ್ನೊಂದು ಗುಟುಕು. ಮಲಗಿದರೆ ನೋವು ಇಮ್ಮಡಿ, ಗೋಡೆಗೆ ಒರಗಿ ಕುಳಿತರೆ ತಡೆದುಕೊಳ್ಳುವಷ್ಟು. ಹೀಗೆ ಬೆಳಗು ಹರಿಯಿತು. ತಣ್ಣೀರಿಗೆ ನೋವು ಶಮನವಾಗುತ್ತಿದೆಯೆಂದರೆ ಹಲ್ಲಿನೊಳಗಿನ ನರ ಉಳಿಯುವ ಹಂತ ದಾಟಿದೆ ಎಂದೇ ಅರ್ಥ ಎಂಬುದು ನನಗೆ ಗೊತ್ತಾದದ್ದು ಆಮೇಲೆ. ಮೆಡಿಕಲ್ ಅಂಗಡಿಯವನು ಮಾತ್ರ ಕೇಳುವ ಮೊದಲೇ ಐದು ದಿನದ ಆಂಟಿಬಯೋಟಿಕ್ ಕಟ್ಟಿಕೊಟ್ಟ. ಒಳಗಿನ ನರ ಊದಿ ಸಾಯುತ್ತಿರುವಾಗ ಆ ಮಾತ್ರೆಯಿಂದ ಕಾಸಿನ ಪ್ರಯೋಜನವಿಲ್ಲ. ನೋವಿನ ಮಾತ್ರೆ ನೋವನ್ನು ಸ್ವಲ್ಪ ಹೊತ್ತು ಮರೆಸುತ್ತದೆ, ಅಷ್ಟೇ. ನಮ್ಮ ಜಾತ್ರೆಗಳಲ್ಲಿ ಹಲ್ಲಿನ ಹುಳ ತೆಗೆಯುತ್ತೇನೆ ಎಂದು ಹತ್ತಿಯ ಮೇಲೆ ಹುಳ ತೋರಿಸುವವರು ಬರುತ್ತಿದ್ದರು. ಈ ಮಾತ್ರೆಯೂ ಅದರ ತಮ್ಮನೇ.

ಸರ್ಕಾರಿ ಆಸ್ಪತ್ರೆಗೆ ಹೋದೆ. ಇಲ್ಲಿ ಒಂದು ಮಾತನ್ನು ನೆಟ್ಟಗೆ ಹೇಳಿಬಿಡುತ್ತೇನೆ, ಏಕೆಂದರೆ ಸರ್ಕಾರಿ ಆಸ್ಪತ್ರೆಯ ಬಗ್ಗೆ ಬರೆಯುವವರೆಲ್ಲ ವೈದ್ಯರನ್ನು ಬೈಯುವುದರಿಂದಲೇ ಶುರು ಮಾಡುತ್ತಾರೆ. ನಮ್ಮ ತಾಲ್ಲೂಕು ಆಸ್ಪತ್ರೆಯ ದಂತವೈದ್ಯೆಯನ್ನು ಬೈಯಲು ನನ್ನ ಬಳಿ ಒಂದು ಪದವೂ ಇಲ್ಲ. ಹೊತ್ತಿಗೆ ಸರಿಯಾಗಿ ಬಂದಿದ್ದರು. ಹಲ್ಲನ್ನು ಉಪಕರಣದ ಹಿಡಿಯಿಂದ ಮೆಲ್ಲಗೆ ಕುಟ್ಟಿ ನೋಡಿದರು, ನನ್ನ ಕಣ್ಣಲ್ಲಿ ನೀರು ಬಂತು. ಕನ್ನಡಿ ಕೊಟ್ಟು ಹುಳುಕನ್ನು ನನಗೇ ತೋರಿಸಿದರು. ‘ಬೇರು ಗಟ್ಟಿಯಾಗಿದೆ, ವಸಡು ಚೆನ್ನಾಗಿದೆ. ಈ ಹಲ್ಲನ್ನು ಉಳಿಸಬಹುದು’ ಎಂದರು. ನಾನು ಬಾಯಿ ತೆರೆದುಕೊಂಡೇ ತಲೆಯಾಡಿಸಿದೆ. ‘ಆದರೆ ಇಲ್ಲಿ ಆಗುವುದಿಲ್ಲ. ಇಲ್ಲಿ ನಾನು ಕೀಳಬಲ್ಲೆ.’

ಏಕೆ ಆಗುವುದಿಲ್ಲ ಎಂದು ಕೇಳಿದೆ. ಅರ್ಜಿ ಬರೆಯುವವನಿಗೆ ಹಿಂಬರಹದ ಕಾರಣ ಬೇಕೇ ಬೇಕು. ಅವರು ಬೆರಳು ಮಡಚುತ್ತಾ ಹೇಳಿದರು. ಬೇರುನಾಳ ಸ್ವಚ್ಛ ಮಾಡುವ ಫೈಲ್‌ ಎಂಬ ಸಣ್ಣ ತಂತಿಗಳಿಗೆ ಇಂಡೆಂಟ್, ಅಂದರೆ ಬೇಡಿಕೆ ಪಟ್ಟಿ, ಹಾಕಿ ಬಹಳ ದಿನವಾಗಿದೆ. ಎಕ್ಸ್‌ರೇ ಯಂತ್ರ ಇದೆ, ಹಲ್ಲಿನ ಚಿಕ್ಕ ಫಿಲ್ಮ್ ಇಲ್ಲ. ಕುರ್ಚಿಗೆ ನೀರು ಬರುವ ಕೊಳವೆ ಎರಡು ಸಲ ರಿಪೇರಿಯಾಗಿ ಮತ್ತೆ ಸೋರುತ್ತಿದೆ. ಸಹಾಯಕ್ಕೆ ಇದ್ದ ಒಬ್ಬ ನರ್ಸನ್ನು ಬೇರೆ ವಾರ್ಡಿಗೆ ಹಾಕಿದ್ದಾರೆ. ಇಷ್ಟು ಹೇಳಿ, ಬಾಗಿಲ ಕಡೆ ನೋಡಿದರು. ಆ ನೋಟದಲ್ಲಿ ಐದನೆಯ ಕಾರಣವಿತ್ತು, ಅದೇ ದೊಡ್ಡದು. ಹೊರಗೆ ಬೆಂಚಿನ ಮೇಲೆ, ಗೋಡೆಗೆ ಆತುಕೊಂಡು, ಕೆನ್ನೆಗೆ ಟವೆಲ್ ಕಟ್ಟಿಕೊಂಡು ಜನ. ನನ್ನ ಟೋಕನ್ ಮೂವತ್ತೊಂದು, ನನ್ನ ಹಿಂದೆ ಇನ್ನೂ ಹತ್ತು ಮಂದಿ ಇದ್ದರು.

ಲೆಕ್ಕ ಹಾಕಿ ನೋಡಿ ಸ್ವಾಮಿ. ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ ಇನ್ನೂರ ನಲವತ್ತು ನಿಮಿಷ. ನಲವತ್ತು ರೋಗಿಗಳು. ತಲೆಗೆ ಆರು ನಿಮಿಷ. ದವಡೆ ಹಲ್ಲಿನ ಒಂದು ರೂಟ್ ಕೆನಾಲ್‌ಗೆ, ಅಂದರೆ ಕೆಟ್ಟ ನರ ತೆಗೆದು ಬೇರುನಾಳ ತೊಳೆದು ತುಂಬುವ ಕೆಲಸಕ್ಕೆ, ಒಂದು ಸಲಕ್ಕೆ ಮುಕ್ಕಾಲು ಗಂಟೆಯಾದರೂ ಬೇಕು, ಅದೂ ಎರಡು ಮೂರು ಸಲ. ನನ್ನೊಬ್ಬನ ಹಲ್ಲು ಉಳಿಸಲು ಕುಳಿತರೆ ಹೊರಗಿನ ಏಳೆಂಟು ಜನ ನೋವು ಹಿಡಿದುಕೊಂಡು ಮನೆಗೆ ಹೋಗಬೇಕು. ಕೀಳುವುದಕ್ಕಾದರೆ ಮರಗಟ್ಟಿಸುವ ಇಂಜೆಕ್ಷನ್ ಸೇರಿ ಹದಿನೈದು ನಿಮಿಷ, ಇಂಜೆಕ್ಷನ್ ಹಿಡಿಯುವಷ್ಟರಲ್ಲಿ ಇನ್ನಿಬ್ಬರನ್ನು ನೋಡಬಹುದು. ಆ ಕುರ್ಚಿಯ ಪಕ್ಕ ನಿಮ್ಮನ್ನೇ ನಿಲ್ಲಿಸಿದರೂ ನೀವೂ ಇಕ್ಕಳವನ್ನೇ ಎತ್ತಿಕೊಳ್ಳುತ್ತೀರಿ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುತ್ತಾರೆಯೇ ಎಂದು ನಾವು ಗಾದೆ ಹೇಳುತ್ತೇವೆ. ಹಲ್ಲಿನ ಮಟ್ಟಿಗೆ ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ದಿನಾ ಆಗುತ್ತಿರುವುದು ಅದೇ. ಕೊಯ್ಯುವವರ ತಪ್ಪಲ್ಲ.

ನನಗೆ ಇಬ್ಬರು ಮಕ್ಕಳು ದುಡಿಯುತ್ತಿದ್ದಾರೆ. ಖಾಸಗಿ ಕ್ಲಿನಿಕ್ಕಿಗೆ ಹೋದೆ.

ಮುಖ್ಯರಸ್ತೆಯಲ್ಲಿ, ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಗಾಜಿನ ಬಾಗಿಲು, ತಂಪು ಗಾಳಿ, ಮೀನಿನ ತೊಟ್ಟಿ. ಅಲ್ಲಿ ಕೂರುವ ವೈದ್ಯರು ನನ್ನನ್ನು ನೋಡಿ, ‘ರೂಟ್ ಕೆನಾಲ್ ಮಾಡುವ ಸ್ಪೆಷಲಿಸ್ಟ್ ಶನಿವಾರ ಬರುತ್ತಾರೆ’ ಎಂದರು. ಈ ಏರ್ಪಾಡು ನನಗೆ ಹೊಸದು. ಬೇರುನಾಳದ ಕೆಲಸದಲ್ಲೇ ಮೂರು ವರ್ಷ ಹೆಚ್ಚಿಗೆ ಓದಿ ಎಂಡಿಎಸ್ ಮಾಡಿದವರು ಸಣ್ಣ ಊರಲ್ಲಿ ಸ್ವಂತ ಅಂಗಡಿ ತೆರೆಯುವುದಿಲ್ಲ. ವಾರದ ಸಂತೆಯ ಹಾಗೆ ಊರೂರು ಸುತ್ತುತ್ತಾರೆ, ಒಂದು ದಿನ ಇಲ್ಲಿ, ಮರುದಿನ ಪಕ್ಕದ ತಾಲ್ಲೂಕಿನಲ್ಲಿ. ಉಪಕರಣದ ಪೆಟ್ಟಿಗೆ ಅವರದೇ, ಕುರ್ಚಿ ಕ್ಲಿನಿಕ್ಕಿನದು, ದುಡ್ಡಿನಲ್ಲಿ ಪಾಲು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ನನ್ನ ಪ್ರಾರ್ಥನೆಯಲ್ಲಿ ಮತ್ತೆ ಬರುತ್ತದೆ.

ಕೆಲಸ ಹೇಗಾಯಿತೆಂದು ಹೇಳದಿದ್ದರೆ ಒಂಬತ್ತೂವರೆ ಸಾವಿರ ಎಲ್ಲಿಗೆ ಹೋಯಿತೆಂದು ನಿಮಗೆ ತಿಳಿಯುವುದಿಲ್ಲ. ಇಂಜೆಕ್ಷನ್ ಆಗಿ ಅರ್ಧ ನಾಲಿಗೆ, ಅರ್ಧ ತುಟಿ ನನ್ನದಲ್ಲವೆನಿಸಿದ ಮೇಲೆ, ಆ ಒಂದು ಹಲ್ಲು ಮಾತ್ರ ತೂತಿನಿಂದ ತಲೆ ಎತ್ತುವ ಹಾಗೆ ಬಾಯಿಗೆ ನೀಲಿ ರಬ್ಬರ್ ಹಾಳೆ ಕಟ್ಟಿದರು. ಎಂಜಲು ಒಳಕ್ಕೆ ಹೋಗಬಾರದು, ಔಷಧಿ ಗಂಟಲಿಗೆ ಇಳಿಯಬಾರದು. ಹಲ್ಲಿನ ತಲೆ ಕೊರೆದು ಬಾಗಿಲು ತೆರೆದರು. ಒಳಗೆ ಎರಡು ಬೇರು, ಮೂರು ನಾಳ. ಆ ನಾಳಗಳಿಗೆ ಇಳಿಸುವ ಫೈಲ್‌ಗಳನ್ನು ಪಕ್ಕದ ತಟ್ಟೆಯಲ್ಲಿ ನೋಡಿದೆ: ಬಿಳಿ, ಹಳದಿ, ಕೆಂಪು, ನೀಲಿ ಹಿಡಿಗಳು, ಅದಕ್ಕೆ ಸಿಕ್ಕಿಸಿದ ದಬ್ಬಳಕ್ಕಿಂತ ಎಷ್ಟೋ ಸಣ್ಣ ತಂತಿ. ಬಿಳಿ ಹಿಡಿಯದರ ತುದಿ 0.15 ಮಿಲಿಮೀಟರ್. ಪ್ರತಿ ತಂತಿಯಲ್ಲೂ ಒಂದು ಪುಟ್ಟ ರಬ್ಬರ್ ಬಿಲ್ಲೆ, ಎಷ್ಟು ಆಳಕ್ಕೆ ಇಳಿಯಬೇಕೋ ಅಷ್ಟಕ್ಕೆ ಜರುಗಿಸಿ ನಿಲ್ಲಿಸಲು. ಬೇರಿನ ತುದಿ ಸಮೀಪಿಸಿದಂತೆ ಒಂದು ಯಂತ್ರ ಟಿಕ್ ಟಿಕ್ ಎನ್ನುತ್ತಾ ಜೋರಾಗುತ್ತದೆ. ತುದಿ ದಾಟಿದರೆ ಮೂಳೆ, ತುದಿ ಮುಟ್ಟದೆ ಬಿಟ್ಟರೆ ಕೊಳೆ ಉಳಿದು ಮತ್ತೆ ಕೀವು. ಮಧ್ಯೆ ಮಧ್ಯೆ ಪಿಚಕಾರಿಯಲ್ಲಿ ದ್ರಾವಣ ಬಿಟ್ಟು ತೊಳೆಯುತ್ತಿದ್ದರು. ಪುರಸಭೆಯವರು ಚರಂಡಿಗೆ ಬ್ಲೀಚಿಂಗ್ ಪುಡಿ ಹಾಕಿದ ದಿನದ ವಾಸನೆಯೇ ಅದು, ಜಾತಿಯೂ ಹೆಚ್ಚುಕಡಿಮೆ ಒಂದೇ. ಎರಡನೆಯ ಶನಿವಾರ ನಾಳಗಳನ್ನು ಒಣಗಿಸಿ ಶಾವಿಗೆಯಂಥ ಗುಲಾಬಿ ಕಡ್ಡಿಗಳನ್ನು ತುಂಬಿದರು. ಗಟಾಪರ್ಚಾ ಅಂತೆ, ಮಲೇಷ್ಯಾ ಕಡೆಯ ಮರದ ಹಾಲು. ನನ್ನ ದವಡೆಯಲ್ಲಿ ಈಗ ದೂರದೇಶದ ಮರವೊಂದರ ತುಣುಕಿದೆ.

ಈ ಕೆಲಸವನ್ನು ಆರು ನಿಮಿಷದಲ್ಲಿ ಯಾರೂ ಮಾಡಲಾರರು. ಖಾಸಗಿಯಲ್ಲಿ ನಾನು ದುಡ್ಡು ಕೊಟ್ಟು ಕೊಂಡದ್ದು ಮೀನಿನ ತೊಟ್ಟಿಯನ್ನಲ್ಲ, ಹೆಚ್ಚಿನ ಬುದ್ಧಿವಂತಿಕೆಯನ್ನೂ ಅಲ್ಲ. ಕೊಂಡದ್ದು ಹೊತ್ತನ್ನು. ನಮ್ಮ ದಂತವೈದ್ಯೆಗೂ ಈ ಕೆಲಸ ಬರುತ್ತದೆ. ಅವರಿಗೆ ಇಲ್ಲದ್ದು ಎರಡು ಗಂಟೆಯ ಬಿಡುವು ಮತ್ತು ಒಂದು ತಟ್ಟೆ ಸಾಮಾನು.

ಬಿಲ್ಲು ಹೀಗಿತ್ತು: ಬೇರುನಾಳಕ್ಕೆ ಐದು ಸಾವಿರ, ಲೋಹದ ಮೇಲೆ ಪಿಂಗಾಣಿ ಹಚ್ಚಿದ ಕ್ಯಾಪಿಗೆ ನಾಲ್ಕೂವರೆ ಸಾವಿರ. ಜಿರ್ಕೋನಿಯಾ ಬೇಕಾದರೆ ಕ್ಯಾಪೊಂದೇ ಒಂಬತ್ತು ಸಾವಿರ, ಕಂತಿನಲ್ಲೂ ಕೊಡಬಹುದು ಎಂದರು. ಕ್ಯಾಪ್ ಹಾಕದೆ ಬಿಟ್ಟರೆ ಒಣಗಿದ ಕಟ್ಟಿಗೆಯ ಹಾಗೆ ಹಲ್ಲು ಸೀಳುವ ಭಯ, ಆದ್ದರಿಂದ ಬಿಡುವ ಹಾಗಿಲ್ಲ. ಈ ದರವನ್ನು ಬರೆದುಕೊಟ್ಟದ್ದು ಔಷಧಿ ಚೀಟಿಯ ಹಿಂಬದಿಯಲ್ಲಿ, ಪೆನ್ಸಿಲಿನಲ್ಲಿ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ದರಪಟ್ಟಿ ರೋಗಿಯ ಕಣ್ಣಿಗೆ ಬೀಳಬೇಕು. ಅಲ್ಲಿ ಗೋಡೆಯ ಮೇಲೆ ನಗುವ ಹುಡುಗಿಯ ಚಿತ್ರ ಮಾತ್ರ ಇತ್ತು.

ಅಷ್ಟಕ್ಕೇ ನಿಂತಿದ್ದರೆ ಖಾಸಗಿಯವರಿಗೆ ಕೈಮುಗಿದು ಸುಮ್ಮನಿರುತ್ತಿದ್ದೆ. ಕ್ಯಾಪ್ ಕೂರಿಸಿದ ದಿನ ನನ್ನ ಬಾಯಿಯ ಚಿತ್ರವನ್ನು ಟಿವಿ ಪರದೆಯ ಮೇಲೆ ತೋರಿಸಿ, ಇನ್ನೂ ಮೂರು ಹಲ್ಲುಗಳಿಗೆ ರೂಟ್ ಕೆನಾಲ್ ಬೇಕು, ಒಟ್ಟಿಗೆ ಮಾಡಿಸಿದರೆ ರಿಯಾಯಿತಿ ಎಂದರು. ಆ ಮೂರು ಹಲ್ಲುಗಳು ನನಗೆ ಒಂದು ದಿನವೂ ನೋವು ಕೊಟ್ಟವಲ್ಲ. ನೋವಿಲ್ಲದ ಮಾತ್ರಕ್ಕೆ ಹಲ್ಲು ಚೆನ್ನಾಗಿದೆ ಎಂದೇನೂ ಅಲ್ಲ, ಆ ಮಾತು ನಿಜ. ಆದರೂ ದಾವಣಗೆರೆಗೆ ಹೋದಾಗ ಒಂದು ದಂತ ಕಾಲೇಜಿನಲ್ಲಿ ತೋರಿಸಿದೆ. ಅಲ್ಲಿ ಒಬ್ಬ ಹುಡುಗ ನೋಡಿದ, ಅವನ ಮೇಷ್ಟರು ಬಂದು ನೋಡಿದರು, ಎಕ್ಸ್‌ರೇ ತೆಗೆದರು. ಒಂದು ಹಲ್ಲಿಗೆ ಸಿಮೆಂಟ್ ತುಂಬಿದರೆ ಸಾಕು, ಉಳಿದೆರಡರಲ್ಲಿ ಇರುವುದು ಬರೀ ಕಲೆ ಎಂದರು. ಸಿಮೆಂಟ್ ತುಂಬಿಸಿಕೊಂಡು ಬಂದೆ. ನನ್ನ ಬಸ್ ಚಾರ್ಜಿಗಿಂತ ಸ್ವಲ್ಪ ಹೆಚ್ಚು ಖರ್ಚಾಯಿತು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಕುಳಿತು ಯೋಚಿಸಿದೆ. ಸರ್ಕಾರಿ ವೈದ್ಯೆಗೆ ಹಲ್ಲು ಕಿತ್ತರೂ ಅದೇ ಸಂಬಳ, ಉಳಿಸಿದರೂ ಅದೇ ಸಂಬಳ. ಉಳಿಸಿದರೆ ಮೇಲೆ ನಲವತ್ತು ಜನರ ಬೈಗುಳ. ಖಾಸಗಿಯವರಿಗೆ ಕಿತ್ತರೆ ಐನೂರು, ಉಳಿಸಿದರೆ ಒಂಬತ್ತೂವರೆ ಸಾವಿರ. ಕುರ್ಚಿಯ ಮೇಲಿನ ಸಾಲದ ಕಂತು, ಬಾಡಿಗೆ, ಮಹಡಿಯ ಕರೆಂಟು ಬಿಲ್ಲು ತಿಂಗಳ ಐದನೇ ತಾರೀಖು ಕಾಯುತ್ತಿರುತ್ತದೆ. ಹೀಗಾಗಿ ಒಂದು ಕಡೆ ಉಳಿಯಬೇಕಾದ ಹಲ್ಲು ತಟ್ಟೆಗೆ ಬೀಳುತ್ತದೆ, ಇನ್ನೊಂದು ಕಡೆ ತನ್ನ ಪಾಡಿಗೆ ತಾನಿದ್ದ ಹಲ್ಲಿಗೂ ರಂಧ್ರ ಬೀಳುತ್ತದೆ. ಇಬ್ಬರೂ ಕೆಟ್ಟವರಲ್ಲ. ಮೂರನೆಯ ಜಾಗವಾದ ಕಾಲೇಜಿನಲ್ಲಿ ದುಡ್ಡಿನ ಆಸೆಯೂ ಅಷ್ಟಿಲ್ಲ, ಹೊತ್ತಿನ ಬರವೂ ಇಲ್ಲ. ಕಲಿಯುವವರಿಗೆ ಹಲ್ಲು ಬೇಕು, ಮೇಲೆ ನೋಡಲು ಮೇಷ್ಟರಿದ್ದಾರೆ. ಆದರೆ ಒಂದು ಹಲ್ಲಿಗೆ ನಾಲ್ಕೈದು ಸಲ ಹೋಗಬೇಕು, ಪ್ರತಿ ಹಂತಕ್ಕೂ ಮೇಷ್ಟರ ಸಹಿಯಾಗಬೇಕು, ಪರೀಕ್ಷೆಯ ಸಮಯವಾದರೆ ಮುಂದಿನ ತಿಂಗಳು. ನಿವೃತ್ತರಿಗೆ ಅದು ಅಡ್ಡಿಯಲ್ಲ. ದಿನಗೂಲಿಯವರಿಗೆ ನಾಲ್ಕೈದು ದಿನವೆಂದರೆ ವಾರದ ರೇಷನ್ನು.

ಈಗ ಆ ಹುಡುಗಿಯ ಹಲ್ಲಿಗೆ ಬರುತ್ತೇನೆ.

ಈ ಮೊದಲ ದೊಡ್ಡ ದವಡೆ ಹಲ್ಲು ಆರನೇ ವರ್ಷಕ್ಕೆ ಬರುತ್ತದೆ. ಯಾವ ಹಾಲುಹಲ್ಲೂ ಬೀಳದೆ, ಎಲ್ಲದರ ಹಿಂದೆ, ಸದ್ದಿಲ್ಲದೆ. ಮನೆಯವರು ಅದನ್ನೂ ಹಾಲುಹಲ್ಲೆಂದೇ ತಿಳಿಯುತ್ತಾರೆ. ಹುಳುಕು ಕಂಡರೂ ‘ಬಿದ್ದು ಹೋಗುತ್ತದೆ ಬಿಡು, ಹೊಸದು ಬರುತ್ತದೆ’ ಎನ್ನುತ್ತಾರೆ. ಅವಳ ಅಜ್ಜಿ ಹಾಗೆಂದೇ ಹೇಳಿದ್ದರಂತೆ. ಆದರೆ ಸರ್ಕಾರ ಮರೆತಿರಲಿಲ್ಲ! ಅವಳು ಆರನೇ ತರಗತಿಯಲ್ಲಿದ್ದಾಗ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಿತ್ತು. ಮಕ್ಕಳಲ್ಲಿ ಆ ತಂಡ ಹುಡುಕಬೇಕಾದ ತೊಂದರೆಗಳ ಪಟ್ಟಿಯಲ್ಲಿ ಹಲ್ಲಿನ ಹುಳುಕೂ ಇದೆ. ಅವಳ ಬಾಯಿ ನೋಡಿ ಚೀಟಿ ಬರೆದುಕೊಟ್ಟರು. ಆಗ ಸಿಮೆಂಟ್ ತುಂಬಿದ್ದರೆ ಮುಗಿದುಹೋಗುತ್ತಿತ್ತು. ಆ ಚೀಟಿಯನ್ನು ಅವಳ ತಾಯಿ ಜಾತಿ ಪ್ರಮಾಣಪತ್ರದ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿಟ್ಟಿದ್ದಾರೆ. ಸರ್ಕಾರದ ಮೊಹರು ಇರುವ ಕಾಗದವನ್ನು ಬಡವರು ಎಸೆಯುವುದಿಲ್ಲ. ಅದನ್ನು ತೆಗೆದುಕೊಂಡು ಎಲ್ಲಿಗೆ ಹೋಗಬೇಕೆಂದು ಯಾರೂ ಅವರಿಗೆ ಬಿಡಿಸಿ ಹೇಳಿರಲಿಲ್ಲ, ಅಷ್ಟೇ.

ಕಳೆದ ವರ್ಷ ಅವಳ ಕೆನ್ನೆ ಊದಿತು. ಅದೇ ವೈದ್ಯೆ, ಅದೇ ಕುರ್ಚಿ. ಹಲ್ಲು ಉಳಿಸಬಹುದು, ಹೊರಗೆ ಮಾಡಿಸಬೇಕು ಎಂದು ಅವರಿಗೂ ಹೇಳಿದ್ದಾರೆ. ಎಷ್ಟಾಗುತ್ತದೆ ಎಂದು ಅವಳ ತಂದೆ ನನ್ನನ್ನು ಕೇಳಿದ. ಒಂಬತ್ತೂವರೆ ಎಂದೆ. ಅವನು ನಕ್ಕ. ಅವನ ಟೀ ಹತ್ತು ರೂಪಾಯಿ. ಹಾಲು, ಸಕ್ಕರೆ, ಗ್ಯಾಸು ಯಾವುದನ್ನೂ ಕಳೆಯದೆ ಒಂಬೈನೂರ ಐವತ್ತು ಟೀ. ದಾವಣಗೆರೆಯ ಕಾಲೇಜಿನ ವಿಷಯ ಹೇಳಿದೆ. ಶಕ್ತಿ ಯೋಜನೆಯಲ್ಲಿ ತಾಯಿ ಮಗಳಿಗೆ ಬಸ್ಸು ಪುಕ್ಕಟೆ, ಅದೇನೋ ಸರಿ. ಆದರೆ ತಾಯಿ ಗಾರ್ಮೆಂಟ್ಸ್‌ಗೆ ಬಟ್ಟೆ ಹೊಲಿಯುವ ಲೆಕ್ಕದ ಕೂಲಿ, ಮಗಳಿಗೆ ಮಧ್ಯವಾರ್ಷಿಕ ಪರೀಕ್ಷೆ, ಮತ್ತು ಆ ಹೊತ್ತಿಗೆ ನೋವು. ನೋವಿನಲ್ಲಿರುವ ಮಗು ಎದುರಿಗಿದ್ದಾಗ ಮುಂದಿನ ತಿಂಗಳ ನಾಲ್ಕು ಪ್ರಯಾಣದ ಮಾತು ಯಾರ ಕಿವಿಗೂ ಬೀಳುವುದಿಲ್ಲ.

ಕೀಳಿಸಿದರು. ಒಪ್ಪಿಗೆ ಪತ್ರದಲ್ಲಿ ತಂದೆ ಸಹಿ ಮಾಡಿದ್ದಾನೆ: ‘ಸ್ವಇಚ್ಛೆಯಿಂದ’. ಆ ಪದವನ್ನು ನಾನು ದಿನಕ್ಕೆ ಹತ್ತು ಸಲ ಬರೆಯುತ್ತೇನೆ. ತಂಗಿಯರು ಅಣ್ಣನಿಗೆ ಹಕ್ಕು ಬಿಟ್ಟುಕೊಡುವಾಗ, ಸಾಲಗಾರ ಎಕರೆ ಬರೆದುಕೊಡುವಾಗ. ಅದರ ಬೆಲೆ ನನಗೆ ಗೊತ್ತು.

ಕಿತ್ತ ಹಲ್ಲನ್ನು ಅವಳು ಕಾಗದದಲ್ಲಿ ಸುತ್ತಿಕೊಂಡು ಮನೆಗೆ ತಂದಳು. ಹಾಲುಹಲ್ಲು ಬಿದ್ದಾಗ ಮಾಡುವಂತೆ ಅಜ್ಜಿ ಅದನ್ನು ಸಗಣಿಯುಂಡೆಯೊಳಗಿಟ್ಟು ಮನೆಯ ಮಾಳಿಗೆಯ ಮೇಲಕ್ಕೆ ಎಸೆಸಿದರು. ಹೊಸ ಹಲ್ಲು ಬರಲೆಂದು. ಹುಡುಗಿ ವಿಜ್ಞಾನದ ಪುಸ್ತಕದಲ್ಲಿ ಓದಿಕೊಂಡಿದ್ದಾಳೆ, ಬರುವುದಿಲ್ಲವೆಂದು ಅವಳಿಗೆ ಗೊತ್ತು. ಅಜ್ಜಿಯ ಮುಖ ನೋಡಿ ಎಸೆದಳಂತೆ.

ಹಲ್ಲೊಂದು ಹೋದರೆ ಏನಾಯಿತು, ನಮ್ಮ ಕಡೆ ಮುದ್ದೆ ನುಂಗುವುದು, ಅಗಿಯುವುದಲ್ಲವಲ್ಲ ಎಂದು ತಮಾಷೆ ಮಾಡುವವರಿದ್ದಾರೆ. ಹದಿನಾಲ್ಕು ವರ್ಷದ ಬಾಯಲ್ಲಿ ಆ ಜಾಗ ಖಾಲಿ ಬಿದ್ದರೆ ಹಿಂದಿನ ಹಲ್ಲು ವಾಲಿಕೊಂಡು ಮುಂದಕ್ಕೆ ಬರುತ್ತದೆ, ಮೇಲಿನ ಹಲ್ಲು ಆಧಾರವಿಲ್ಲದೆ ಕೆಳಕ್ಕೆ ಇಳಿಯುತ್ತದೆ. ಒಂದೇ ಕಡೆ ಅಗಿದು ಅಗಿದು ಆ ಕಡೆಯದೂ ಸವೆಯುತ್ತದೆ. ಅಲ್ಲಿ ಹೊಸ ಹಲ್ಲು ಕೂರಿಸುವ ಖರ್ಚು ಬೇರುನಾಳದ ಹಲವು ಪಟ್ಟು.

ಸರ್ಕಾರಕ್ಕೆ ಬಡವರ ಬಾಯಿಯ ಮೇಲೆ ಕರುಣೆಯೇ ಇಲ್ಲವೆಂದು ನಾನು ಹೇಳಲಾರೆ. ದಂತಭಾಗ್ಯ ಯೋಜನೆಯಲ್ಲಿ ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ದಂತಪಂಕ್ತಿ ಕೊಡುತ್ತೀರಿ. ಎಷ್ಟೋ ಅಜ್ಜಂದಿರಿಗೆ ಆ ಅರ್ಜಿ ಬರೆದುಕೊಟ್ಟವನು ನಾನೇ. ಒಬ್ಬರು ಹಲ್ಲುಸೆಟ್ಟು ಹಾಕಿಸಿಕೊಂಡ ಮರುದಿನ ನನ್ನ ಮೇಜಿನ ಮುಂದೆ ನಿಂತು ಮಂಡಕ್ಕಿ ಮೆಣಸಿನಕಾಯಿ ತಿಂದು ತೋರಿಸಿದರು, ಮರೆಯಲಾರೆ. ಆದರೆ ಯೋಜನೆಯ ಸಾಲು ನೋಡಿ: ಹಲ್ಲು ಕೀಳುವುದಕ್ಕೆ ಸರ್ಕಾರದ ಇಕ್ಕಳವಿದೆ, ಎಲ್ಲ ಹಲ್ಲು ಹೋದ ಮೇಲೆ ಸರ್ಕಾರದ ಹಲ್ಲುಸೆಟ್ಟಿದೆ. ನಡುವಿನ ನಲವತ್ತು ವರ್ಷ ಹಲ್ಲು ಹಲ್ಲಾಗಿ ಉಳಿಯಲು ಏನೂ ಇಲ್ಲ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದ ಕಾರ್ಡು ಟೀ ಅಂಗಡಿಯವನ ಬಳಿಯೂ ಇದೆ, ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಆಯುಷ್ಮಾನ್ ಭಾರತ್ ಯಾವುದಕ್ಕೆ ಅನ್ವಯಿಸುವುದಿಲ್ಲ ಎಂಬ ಪಟ್ಟಿಯಲ್ಲಿ ಹುಳುಕು ತುಂಬುವುದು, ರೂಟ್ ಕೆನಾಲ್ ಎರಡೂ ಹೆಸರು ಹೇಳಿಸಿಕೊಂಡು ಕುಳಿತಿವೆ. ಪೆಟ್ಟಾಗಿಯೋ ಗೆಡ್ಡೆಯಾಗಿಯೋ ಆಸ್ಪತ್ರೆಗೆ ಸೇರುವಂತಾದರೆ ಉಂಟು. ಕೆಳದವಡೆಯ ಕೀವು ನಾಲಿಗೆಯ ಬುಡಕ್ಕೆ, ಕುತ್ತಿಗೆಗೆ ಇಳಿದು ಉಸಿರುಗಟ್ಟುವ ಹಂತ ತಲುಪುವುದೂ ಉಂಟಂತೆ, ಜೀವಕ್ಕೇ ಅಪಾಯ. ಅಷ್ಟು ದೂರ ಹೋದರೆ ಹಾಸಿಗೆ, ಆಪರೇಷನ್, ಐಸಿಯು ಎಲ್ಲ ಸಿಗುತ್ತದೆ. ಹತ್ತು ದಿನ ಮೊದಲು ಬೇಕಿದ್ದ ಎರಡು ಗಂಟೆ ಮಾತ್ರ ಸಿಗುವುದಿಲ್ಲ.

ಹತ್ತು ಪ್ರಾರ್ಥನೆಗಳಿರುವ ಅರ್ಜಿ ಕಡತದಲ್ಲೇ ಮಲಗುತ್ತದೆ ಎಂಬುದು ನನ್ನ ಕಸುಬು ಕಲಿಸಿದ ಪಾಠ. ಆದ್ದರಿಂದ ಎಲ್ಲರಿಗೂ ಎಲ್ಲ ಹಲ್ಲಿಗೂ ಉಚಿತ ರೂಟ್ ಕೆನಾಲ್ ಕೊಡಿ ಎಂದು ಕೇಳುವುದಿಲ್ಲ. ನನ್ನಂಥವನಿಗೆ ಬೇಡ, ನಾನು ಹೇಗೋ ಹೊಂದಿಸಿಕೊಂಡೆ. ಹದಿನೆಂಟು ತುಂಬದ ಮಕ್ಕಳಿಗೆ, ಮುಂದಿನ ಹಲ್ಲುಗಳಿಗೆ ಮತ್ತು ಈ ಮೊದಲ ದವಡೆ ಹಲ್ಲಿಗೆ, ಇಷ್ಟಕ್ಕೆ ಮಾತ್ರ ಕೇಳುತ್ತೇನೆ. ಮುಂದಿನ ಹಲ್ಲಿಗೆ ಸಾಮಾನ್ಯವಾಗಿ ಒಂದೇ ಬೇರು, ಒಂದೇ ನಾಳ. ಸಾಮಾನು ಇದ್ದರೆ ಈಗಿರುವ ವೈದ್ಯರೇ ಮಧ್ಯಾಹ್ನದ ಮೇಲೆ ಮಾಡಿ ಮುಗಿಸುತ್ತಾರೆ. ಆ ಸಾಮಾನಿಗೆ, ಅಂದರೆ ಫೈಲು, ಗಟಾಪರ್ಚಾ, ದ್ರಾವಣ, ಫಿಲ್ಮಿಗೆ, ಪ್ರತ್ಯೇಕ ಲೆಕ್ಕಶೀರ್ಷಿಕೆ ಬೇಕು. ಗ್ಲೌಸು, ಸಿರಿಂಜುಗಳ ಜೊತೆ ಒಂದೇ ಇಂಡೆಂಟಿನಲ್ಲಿ ಸೇರಿಸಿದರೆ ಪ್ರತಿ ಸಲ ಕಡಿತವಾಗುವುದು ಅದೇ.

ದವಡೆ ಹಲ್ಲಿಗೆ ವಾರದ ಸಂತೆಯ ಏರ್ಪಾಡು. ಬಟ್ಟೆ ಅಂಗಡಿಯ ಮಹಡಿಗೆ ಶನಿವಾರ ಶನಿವಾರ ಸ್ಪೆಷಲಿಸ್ಟ್ ಬರಬಹುದಾದರೆ ತಾಲ್ಲೂಕು ಆಸ್ಪತ್ರೆಗೆ ಬುಧವಾರ ಏಕೆ ಬರಬಾರದು? ರಾಜ್ಯದಲ್ಲಿ ನಲವತ್ತಕ್ಕೂ ಹೆಚ್ಚು ದಂತ ಕಾಲೇಜುಗಳಿವೆ. ರಾಜ್ಯ ಸರ್ಕಾರದ್ದೇ ಬೆಂಗಳೂರಿನ ಕೋಟೆ ಬಳಿ 1958ರಿಂದ ಇದೆ, ಬಳ್ಳಾರಿಯಲ್ಲಿ ಇನ್ನೊಂದಿದೆ. ಅಲ್ಲಿ ಎಂಡಿಎಸ್ ಓದುವವರಿಗೆ ಕಲಿಯಲು ಹಲ್ಲು ಬೇಕು, ಇಲ್ಲಿ ಹಲ್ಲುಗಳು ತಟ್ಟೆಗೆ ಬೀಳುತ್ತಿವೆ. ತಾಲ್ಲೂಕು ಆಸ್ಪತ್ರೆ ಆರೋಗ್ಯ ಇಲಾಖೆಯದು, ದಂತ ಕಾಲೇಜು ವೈದ್ಯಕೀಯ ಶಿಕ್ಷಣ ಇಲಾಖೆಯದು. ಪ್ರತಿಯನ್ನು ಇನ್ನೊಬ್ಬ ಸಚಿವರಿಗೂ ಹಾಕಿದ್ದು ಇದಕ್ಕೇ. ತಾವಿಬ್ಬರೂ ಒಂದೇ ಸಂಪುಟದಲ್ಲಿ ಕೂಡುತ್ತೀರಿ, ನಮ್ಮ ಹುಡುಗಿಗೆ ಮಾತ್ರ ಇವೆರಡರ ನಡುವೆ ನಾಲ್ಕು ಬಸ್ ಪ್ರಯಾಣ.

ಕ್ಯಾಪನ್ನು ಮರೆಯಬೇಡಿ. ಯೋಜನೆ ಮಾಡುವಾಗ ಬೇರುನಾಳ ಉಚಿತ, ಕ್ಯಾಪ್ ರೋಗಿಯದು ಎಂದು ಯಾರಾದರೂ ಟಿಪ್ಪಣಿ ಹಾಕುತ್ತಾರೆ, ಅಲ್ಲಿಗೆ ಎಲ್ಲವೂ ವ್ಯರ್ಥ. ಪಿಂಗಾಣಿ ಬೇಡ, ಸ್ಟೀಲಿನದೇ ಸಾಕು. ಒಳಗಿನ ಹಲ್ಲು ಯಾರಿಗೆ ಕಾಣುತ್ತದೆ?

ಶಾಲೆಯಲ್ಲಿ ಚೀಟಿ ಬರೆಯುವ ತಂಡಕ್ಕೂ ಒಂದು ಮಾತು. ಚೀಟಿಯಲ್ಲಿ ‘ಮುಂದಿನ ಚಿಕಿತ್ಸೆಗೆ ಶಿಫಾರಸು’ ಎಂದು ಬರೆದರೆ ತಾಯಂದಿರಿಗೆ ಅರ್ಥವಾಗುವುದಿಲ್ಲ. ಇಂಥ ವಾರ, ಇಂಥ ಕೊಠಡಿ, ಇದು ಹಾಲುಹಲ್ಲಲ್ಲ, ಬಿದ್ದರೆ ಮತ್ತೆ ಬರುವುದಿಲ್ಲ ಎಂದು ಬರೆಯಲಿ. ಬೇಕಾದರೆ ಒಕ್ಕಣೆಯನ್ನು ನಾನೇ ಬರೆದುಕೊಡುತ್ತೇನೆ, ಶುಲ್ಕವಿಲ್ಲ.

ಖಾಸಗಿಯವರ ದರಪಟ್ಟಿಯ ವಿಚಾರಕ್ಕೆ ಹೊಸ ಕಾನೂನು ಬೇಕಿಲ್ಲ. ಇರುವುದನ್ನು ಗೋಡೆಗೆ ಅಂಟಿಸಿಸಿ.

ಹುಡುಗಿಯ ಬಲಗಡೆಯ ಅದೇ ಹಲ್ಲಿನಲ್ಲಿ, ನಾಲ್ಕು-ಆರರಲ್ಲಿ, ಸಾಸಿವೆ ಕಾಳಿನಷ್ಟು ಕಪ್ಪು ಕಂಡಿದೆ. ನೋವಿಲ್ಲ. ಈಗಲೇ ತುಂಬಿಸಿದರೆ ಸಾಕು ಎಂದು ನಮ್ಮ ದಂತವೈದ್ಯೆ ಹೇಳಿದ್ದಾರೆ, ಸಿಮೆಂಟ್ ಡಬ್ಬಿ ಈ ಸಲದ ಸರಬರಾಜಿನಲ್ಲಿ ಬಂದಿದೆಯಂತೆ. ಮುಂದಿನ ಮಂಗಳವಾರ ನನ್ನ ಮೇಜನ್ನು ಟೀ ಅಂಗಡಿಯವನಿಗೆ ನೋಡಿಕೊಳ್ಳಲು ಹೇಳಿ, ಅವಳನ್ನು ಕರೆದುಕೊಂಡು ಎಂಟೂವರೆಗೇ ಸಾಲಿನಲ್ಲಿ ನಿಲ್ಲುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ತಾಲ್ಲೂಕು ಕಚೇರಿ ಎದುರಿನ ಅರ್ಜಿ ಬರಹಗಾರ

ಅಡಕ: ಹೊರರೋಗಿ ಚೀಟಿ ಎರಡು, ಪೆನ್ಸಿಲಿನ ಬಿಲ್ಲು ಒಂದು, ಶಾಲೆಯ ಚೀಟಿಯ ನಕಲು ಒಂದು. ಮೂಲವನ್ನು ಹುಡುಗಿಯ ತಾಯಿ ಕೊಡಲಿಲ್ಲ.